ಕ್ಷಯರೋಗ ಚಿಕಿತ್ಸೆಯ ಅವಧಿಯಲ್ಲಿ ದೃಷ್ಟಿ ತಪಾಸಣೆ: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ:
ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯರೋಗದ ಔಷಧಿಗಳನ್ನು ಉಚಿತವಾಗಿ ನೀಡಲಾಗುತ್ತದೆ. ಇವುಗಳಲ್ಲಿ ಒಂದಾದ ಎಥಾಂಬುಟಾಲ್, ಕೆಲವೇ ರೋಗಿಗಳಲ್ಲಿ ಕಣ್ಣಿನ ನರಕ್ಕೆ ಹಾನಿಯುಂಟುಮಾಡುವ ಸಂಭವವಿರುತ್ತದೆ. 2017ಕ್ಕೆ ಮೊದಲು ಹೊಸ ರೋಗಿಗಳಿಗೆ ಈ ಔಷಧಿಯನ್ನು ಮೊದಲ 2 ತಿಂಗಳು ಮಾತ್ರ, ವಾರಕ್ಕೆ 3 ದಿನ ನೀಡಲಾಗುತ್ತಿತ್ತು. ದಿನವಹಿ ಚಿಕಿತ್ಸಾ ಪದ್ಧತಿ ಜಾರಿಗೆ ಬಂದ ನಂತರ 6 ತಿಂಗಳೂ ಪ್ರತಿದಿನ ನೀಡಲಾಗುತ್ತಿದೆ. ಆದ್ದರಿಂದ ದೃಷ್ಟಿಯ ಮೇಲೆ ನಿಗಾ ಇಡುವುದು ಅವಶ್ಯಕವಾಗಿರುತ್ತದೆ.

ಲಕ್ಷಣಗಳು:
1. ಎರಡೂ ಕಣ್ಣುಗಳ ದೃಷ್ಟಿ ನೋವಿಲ್ಲದೆ ಮಂಜಾಗುವುದು.
2. ಕೆಂಪು ಮತ್ತು ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದಿರುವುದು.
3. ನೋಟದ ಮಧ್ಯಭಾಗದಲ್ಲಿ ಕಪ್ಪು ಕಲೆ ಕಾಣುವುದು.

ಈ ಲಕ್ಷಣಗಳು ಸಾಮಾನ್ಯವಾಗಿ ಚಿಕಿತ್ಸೆ ಆರಂಭವಾಗಿ 2 ತಿಂಗಳ ನಂತರ ಕಂಡುಬರುತ್ತವೆ. ರಿಫಾಂಪಿಸಿನ್ ಔಷಧಿಯಿಂದ ಮೂತ್ರ ಮತ್ತು ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುವುದು ಅಪಾಯಕಾರಿಯಲ್ಲ.

ವಿಶೇಷ ಎಚ್ಚರಿಕೆ ಅಗತ್ಯವಿರುವವರು:
ಎಥಾಂಬುಟಾಲ್ ಮುಖ್ಯವಾಗಿ ಮೂತ್ರಪಿಂಡಗಳ ಮೂಲಕ ಹೊರಹೋಗುವುದರಿಂದ, ಮೂತ್ರಪಿಂಡದ ಕಾಯಿಲೆಯುಳ್ಳವರಲ್ಲಿ ಅಪಾಯ ಹೆಚ್ಚು. ವಯೋವೃದ್ಧರು, ಮಧುಮೇಹಿಗಳು, ಈಗಾಗಲೇ ದೃಷ್ಟಿದೋಷವಿರುವವರು ಹಾಗೂ ದೃಷ್ಟಿಯ ಬದಲಾವಣೆಯನ್ನು ಹೇಳಲಾರದ ಚಿಕ್ಕ ಮಕ್ಕಳ ಪೋಷಕರು ಈ ವಿಷಯವನ್ನು ಚಿಕಿತ್ಸೆಗೆ ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು. ಔಷಧ ನಿರೋಧಕ ಕ್ಷಯಕ್ಕೆ ನೀಡುವ ಲಿನೆಜೋಲಿಡ್‌ನಿಂದಲೂ ಇಂತಹ ಹಾನಿ ಸಾಧ್ಯ.

ತಪಾಸಣೆಯ ವಿಧಾನ:
ಚಿಕಿತ್ಸೆ ಆರಂಭಿಸುವ ಮುನ್ನ ಅಕ್ಷರ ಫಲಕ ಹಾಗೂ ಬಣ್ಣದ ಚುಕ್ಕೆಗಳ ಪುಸ್ತಕದಿಂದ ದೃಷ್ಟಿ ಪರೀಕ್ಷಿಸಿಕೊಂಡು, ಫಲಿತಾಂಶವನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು. ಮುಂದಿನ ತಪಾಸಣೆಗಳಲ್ಲಿ ಹೋಲಿಸಲು ಇದು ಆಧಾರವಾಗುತ್ತದೆ. ಮನೆಯಲ್ಲಿ ವಾರಕ್ಕೊಮ್ಮೆ ಒಂದೊಂದೇ ಕಣ್ಣನ್ನು ಮುಚ್ಚಿ, ಒಂದೇ ದೂರದಿಂದ ಗೋಡೆಯ ಕ್ಯಾಲೆಂಡರಿನ ಅಂಕಿಗಳನ್ನು ಓದಿ ನೋಡುವುದು.

ದೃಷ್ಟಿ ವ್ಯತ್ಯಾಸವಾದಲ್ಲಿ:
ಅದೇ ದಿನ ಕಡೂರು, ತರೀಕೆರೆ ಅಥವಾ ಅಜ್ಜಂಪುರದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣತಕ್ಕದ್ದು. ಅಗತ್ಯವಿದ್ದಲ್ಲಿ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯ ನೇತ್ರತಜ್ಞರಲ್ಲಿಗೆ ಕಳುಹಿಸಿಕೊಡುವಂತೆ ಕೋರಬಹುದು. ಎಥಾಂಬುಟಾಲ್ ಅನ್ನು ಬೇಗ ನಿಲ್ಲಿಸಿದಲ್ಲಿ ಬಹುಪಾಲು ರೋಗಿಗಳಲ್ಲಿ ವಾರಗಳಿಂದ ತಿಂಗಳುಗಳೊಳಗೆ ದೃಷ್ಟಿ ಸುಧಾರಿಸುತ್ತದೆ. ತಡವಾದಲ್ಲಿ ಹಾನಿ ಶಾಶ್ವತವಾಗಬಹುದು.

ಆದರೆ ರೋಗಿಯು ತಾನಾಗಿಯೇ ಎಲ್ಲ ಮಾತ್ರೆಗಳನ್ನು ಬಿಡಬಾರದು. ಚಿಕಿತ್ಸೆ ಅರ್ಧಕ್ಕೆ ನಿಂತಲ್ಲಿ ರೋಗ ಮರುಕಳಿಸಿ, ಔಷಧಿಗೆ ಬಗ್ಗದಂತಾಗಬಹುದು. ಯಾವ ಔಷಧಿ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ.

ಹೆಚ್ಚಿನ ಮಾಹಿತಿಗೆ ಆಶಾ ಕಾರ್ಯಕರ್ತೆಯರನ್ನು ಅಥವಾ ನಿಕ್ಷಯ್ ಉಚಿತ ಸಹಾಯವಾಣಿ 1800-11-6666 ಅನ್ನು ಸಂಪರ್ಕಿಸಲು ಕೋರಲಾಗಿದೆ.