ಮಾಳಿಗೆಯ ಮೇಲೆ ಎರಡು ಉಪಗ್ರಹ

ಹೂವಿನಹಡಗಲಿ ತಾಲ್ಲೂಕಿನ ಮಾಗಳವನ್ನು ಬಲ್ಲವರು ಅಲ್ಲಿನ ಚಾಲುಕ್ಯರ ಕಾಲದ ಗುಡಿಯನ್ನು, ಪಕ್ಕದ ತುಂಗಭದ್ರೆಯನ್ನು ನೆನೆಯುತ್ತಾರೆ. ನಾವು ನೆನೆಯಬೇಕೆಂದಿರುವುದು ಇಂಥ ಊರುಗಳ ಮಾಳಿಗೆಗಳನ್ನು. ಅವುಗಳ ಮೇಲೆ ಬಂದು ಕೂತ ಡಿಶ್ ಯಾವ ಕಡೆ ಮುಖ ಮಾಡಿತು, ಅದನ್ನು ನೋಡಿ ಬೀದಿಯ ಜನ ಏನು ಮಾತಾಡಿಕೊಂಡರು ಎಂಬುದೂ ಚರಿತ್ರೆಯೇ.

1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸ್ ರಾಜ್ಯದಲ್ಲಿತ್ತು. ಹೊಳೆ ದಾಟಿದರೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆ. ಹೊಳೆಯ ಗುಂಟ ಇನ್ನಷ್ಟು ಕೆಳಗೆ ಹೋದರೆ ಹೈದರಾಬಾದ್ ಸೀಮೆ. ಏಕೀಕರಣವಾದ ಮೇಲೂ ಜಿಲ್ಲೆಯ ಗೆರೆಗಳು ಉಳಿದವು, ಆಕಾಶದಿಂದ ಟೀವಿ ಇಳಿದಾಗ ಅದೂ ಗೆರೆ ನೋಡಿಯೇ ಇಳಿಯಿತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತೋರಿಸಲಾಯಿತು. 'ಸೈಟ್' ಎಂದು ಹೆಸರಾದ ಪ್ರಯೋಗ ಅದು. ಕರ್ನಾಟಕದಲ್ಲಿ ಆರಿಸಿಕೊಂಡದ್ದು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳನ್ನು, ಬಳ್ಳಾರಿಯನ್ನಲ್ಲ. ತಂತಿ ಬಲೆಯ ಹತ್ತಡಿ ಡಿಶ್‌ನ ಮುಂದೆ ಆ ಜಿಲ್ಲೆಗಳ ರೈತರು ಕನ್ನಡ ಕೇಳಿದರು. ಒಂದೇ ಚಿತ್ರದ ಜೊತೆಗೆ ಎರಡು ಭಾಷೆಯ ಧ್ವನಿಯನ್ನು ಕಳಿಸುವ ಅನುಕೂಲವೂ ಆ ಉಪಗ್ರಹದಲ್ಲಿತ್ತು. ಒಂದು ಚಿತ್ರ, ಎರಡು ನುಡಿ! ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡಿ ಬೆಳೆದ ನಮ್ಮಂಥವರಿಗೆ ಇದರಲ್ಲಿ ಹೊಸದೇನೂ ಕಾಣದು. ವರ್ಷ ಮುಗಿಯಿತು, ಅಮೆರಿಕ ತನ್ನ ಉಪಗ್ರಹವನ್ನು ವಾಪಸು ಕರೆದುಕೊಂಡಿತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. 1991ರಲ್ಲಿ ಸ್ಟಾರ್, 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ. ಕೇಬಲ್‌ನವರು ಉಪಗ್ರಹಕ್ಕೊಂದು ಡಿಶ್ ನೆಟ್ಟು ಊರಿಗೆ ವೈರ್ ಎಳೆದರು. ದೂರದರ್ಶನದ ವಾಹಿನಿಗಳನ್ನು ಕೊಡಲೇಬೇಕೆಂದು 1995ರ ಕಾಯ್ದೆ ಕಟ್ಟು ಹಾಕಿತು. ಮಿಕ್ಕದ್ದು ಕೇಬಲ್‌ನವನ ಲೆಕ್ಕ, ಅವನು ಎಣಿಸುವುದು ಮನೆಗಳನ್ನು. ನಾಲ್ಕಾರು ಮನೆಗಳ ಉರ್ದುವಿಗಾಗಿ ಅವನೇಕೆ ಇನ್ನೊಂದು ಡಿಶ್ ನೆಟ್ಟಾನು? ಬೇಕಾದವರು ತಾವೇ ದಾರಿ ಹುಡುಕಿಕೊಳ್ಳಬೇಕಾಯಿತು. ಒಂದೇ ಡಿಶ್‌ಗೆ ಎರಡು ಉಪಗ್ರಹ ಹಿಡಿಯುವ ಉಪಾಯಕ್ಕೆ ಬೆಲೆ ಬಂದದ್ದು ಹೀಗೆ.

ಉಪಾಯ ಸರಳ. ಈ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ನಮ್ಮ ಕಣ್ಣಿಗೆ ಕದಲದಂತೆ ನಿಂತಿರುತ್ತವೆ. ಡಿಶ್ ನೇರವಾಗಿ ನೋಡುತ್ತಿರುವ ಉಪಗ್ರಹದ ಅಲೆಗಳು ನಟ್ಟನಡುವಿನ ಎಲ್‌ಎನ್‌ಬಿಗೆ ಬಂದು ಸೇರುತ್ತವೆ. ಪಕ್ಕದ ಉಪಗ್ರಹದ ಅಲೆಗಳೂ ಅದೇ ಡಿಶ್‌ಗೆ ಬಡಿದು, ತುಸು ಆಚೆಗೆ ಕೂಡುತ್ತವೆ. ಆದರೆ ಕನ್ನಡಿಯಲ್ಲಿ ಎಡ ಬಲ ಅದಲು ಬದಲಾದಂತೆ. ಪೂರ್ವದ ಉಪಗ್ರಹದ ಎಲ್‌ಎನ್‌ಬಿಯನ್ನು ಪಶ್ಚಿಮದ ಕಡೆ ಕಟ್ಟಬೇಕು. ದೂರದರ್ಶನದ ವಾಹಿನಿಗಳಿದ್ದದ್ದು 93.5 ಡಿಗ್ರಿಯ ಇನ್ಸಾಟ್‌ನಲ್ಲಿ, ಅರಬ್ ದೇಶಗಳ ವಾಹಿನಿಗಳ ಗುಚ್ಛ 100.5 ಡಿಗ್ರಿಯ ಏಷ್ಯಾಸ್ಯಾಟ್‌ನಲ್ಲಿ. ಎಂಟಡಿ ಡಿಶ್‌ನಲ್ಲಿ ಇವೆರಡರ ನಡುವಿನ ಅಂತರ ಹೆಚ್ಚು ಕಡಿಮೆ ಅರ್ಧ ಗೇಣು. ನಡುವಿನಿಂದ ಸರಿದ ಎಲ್‌ಎನ್‌ಬಿಗೆ ಬಲ ಕಡಿಮೆ. ಆದ್ದರಿಂದ ಬಲ್ಲವರು ಡಿಶ್‌ನ ಮುಖವನ್ನು ಕ್ಷೀಣವಾದ ಉಪಗ್ರಹಕ್ಕೇ ಕೊಟ್ಟು, ಜೋರಿನದನ್ನು ಪಕ್ಕದಲ್ಲಿ ಹಿಡಿಯುತ್ತಿದ್ದರು. ಎರಡರ ವೈರೂ ಡೈಸೆಕ್ ಎಂಬ ಪುಟ್ಟ ಸ್ವಿಚ್ಚಿಗೆ, ಅಲ್ಲಿಂದ ಒಂದೇ ವೈರು ಕೆಳಗೆ. ರಿಮೋಟ್ ಒತ್ತಿದರೆ ರಿಸೀವರ್ 22 ಕಿಲೋಹರ್ಟ್ಸ್‌ನ ಸಂಜ್ಞೆ ಕಳಿಸಿ ಬೇಕಾದುದನ್ನು ಆರಿಸುತ್ತದೆ. ಒಂದು ಸಲಕ್ಕೆ ಒಂದೇ. ರಾತ್ರಿ ಚಂದನವೋ ಮಕ್ಕಾವೋ ಎಂಬ ಜಗಳವನ್ನು ಯಾವ ಸ್ವಿಚ್ಚೂ ಬಗೆಹರಿಸಲಿಲ್ಲ.

ಇನ್ನು ಬೀದಿಯ ಮಾತು. ಮುಸ್ಲಿಮರ ಮನೆಯ ಮೇಲೆ ಎರಡು ಮೂತಿಯ ಡಿಶ್ ಕಂಡರೆ 'ಅದು ಪಾಕಿಸ್ತಾನಕ್ಕೆ ತಿರುಗಿಸಿದ್ದು' ಎಂಬ ಪಿಸುಮಾತು ಕೇಳದ ಊರು ಕಡಿಮೆ. ಸ್ವಲ್ಪ ಭೂಗೋಳ ನೋಡೋಣ. ಮಾಗಳದಿಂದ ಪಾಕಿಸ್ತಾನ ಉತ್ತರ ದಿಕ್ಕಿಗೆ. ಕರ್ನಾಟಕದ ಯಾವ ಡಿಶ್ಶೂ ಉತ್ತರಕ್ಕೆ ಮುಖ ಮಾಡಲಾರದು, ಏಕೆಂದರೆ ಭೂಮಧ್ಯರೇಖೆ ಇರುವುದು ನಮ್ಮ ದಕ್ಷಿಣಕ್ಕೆ. ನಾವು ಹೇಳಿದ ಎರಡು ಉಪಗ್ರಹಗಳೂ ಮಾಗಳದ ಆಗ್ನೇಯ ದಿಕ್ಕಿನ ಎತ್ತರದಲ್ಲಿವೆ. ಕಿಬ್ಲಾ ಪಶ್ಚಿಮಕ್ಕೆ, ತುಸು ಉತ್ತರಕ್ಕೆ ವಾಲಿಕೊಂಡು. ಅಂದರೆ ಮಕ್ಕಾದ ನಮಾಜನ್ನು ಮನೆಗೆ ತಂದ ಡಿಶ್ ಕಿಬ್ಲಾಕ್ಕೆ ಹೆಚ್ಚು ಕಡಿಮೆ ಬೆನ್ನು ಹಾಕಿ ನಿಂತಿತ್ತು! ದಿಕ್ಕು ನೋಡಿ ಮನೆಯವರ ಮನಸ್ಸು ಅಳೆಯುವವರು ಇದಕ್ಕೇನು ಹೇಳುತ್ತಾರೋ. ಪಾಕಿಸ್ತಾನದ ವಾಹಿನಿಗಳು ಸಿಗುತ್ತಲೇ ಇರಲಿಲ್ಲ ಎಂದು ನಾವು ವಾದಿಸುವುದಿಲ್ಲ. ಅಲ್ಲಿನ ನಾಟಕಗಳನ್ನು ಆಸೆಪಟ್ಟು ನೋಡಿದವರಲ್ಲಿ ಎಲ್ಲ ಧರ್ಮದವರೂ ಇದ್ದರು. ನಾಟಕ ನೋಡಿದವನನ್ನು ಆ ದೇಶದವನೆಂದು ಕರೆಯುವುದಾದರೆ, ಸ್ಟಾರ್‌ನಲ್ಲಿ ಅಮೆರಿಕದ ಧಾರಾವಾಹಿ ನೋಡಿದವರನ್ನು ಏನೆಂದು ಕರೆಯಬೇಕು?

ನಮ್ಮ ಮೊಹಲ್ಲಾಗಳ ಒಳಗೂ ತಕರಾರು ಕಮ್ಮಿ ಇರಲಿಲ್ಲ. ಟೀವಿಯೇ ಬೇಡವೆಂದ ಹಿರಿಯರು ಡಿಶ್ಶನ್ನು ಕಂಡು ಮುಖ ಸಿಂಡರಿಸಿದರು. ಅವರ ಭಯಕ್ಕೆ ಕಾರಣವಿತ್ತು, ಬಂದದ್ದೆಲ್ಲ ಒಳ್ಳೆಯದಲ್ಲ. ಆದರೆ ರಮಜಾನ್ ಬಂದಾಗ ಲೆಕ್ಕ ಬದಲಾಯಿತು. ಮಕ್ಕಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಇಲ್ಲಿ ತರಾವೀಹ್ ಮುಗಿಸಿ ಮನೆಗೆ ಬಂದರೆ ಅಲ್ಲಿ ಇನ್ನೂ ಶುರುವಾಗಬೇಕು. ಹಜ್ಜಿಗೆ ಹೋಗಲು ಎಂದೂ ಕೈಗೂಡದ ಮುದುಕಿಯರು ತಲೆಯ ಮೇಲೆ ಸೆರಗೆಳೆದುಕೊಂಡು ಕಾಬಾ ನೋಡುತ್ತ ಕೂತರು. ಇವರ ಮುಂದೆ ಟೀವಿಯ ಹರಾಮು ಹಲಾಲಿನ ವಾದ ಮಾಡುವುದು ಯಾರಿಗೂ ಸುಲಭವಾಗಿರಲಿಲ್ಲ.

2006ರ ಆಗಸ್ಟ್ 15ರಂದು ದೂರದರ್ಶನವೇ ಡಿಡಿ ಉರ್ದು ಆರಂಭಿಸಿತು. ತಡವಾಯಿತು ಎಂದೇ ನಮ್ಮ ಅಭಿಪ್ರಾಯ. ಅದಕ್ಕೂ ಮೊದಲು, 2004ರ ಡಿಸೆಂಬರಿನಲ್ಲಿ, ತಿಂಗಳ ಬಾಡಿಗೆಯಿಲ್ಲದ ಡಿಡಿ ಡೈರೆಕ್ಟ್ ಪ್ಲಸ್ ಬಂದಿತ್ತು. ಇಂದು ಅದು ಡಿಡಿ ಫ್ರೀ ಡಿಶ್. ಎರಡಡಿ ಅಗಲದ ಡಿಶ್, ಒಂದೇ ಎಲ್‌ಎನ್‌ಬಿ, ಅದರಲ್ಲೇ ಚಂದನ, ಅದರಲ್ಲೇ ಉರ್ದು. 2015ರ ನವೆಂಬರಿನಲ್ಲಿ ಹಾರಿದ ಜಿಸ್ಯಾಟ್-15 ಅದೇ 93.5 ಡಿಗ್ರಿಯಲ್ಲಿ ನಿಂತಿದೆ. ಮಾಗಳ 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆಗೆ ಸೇರಿತು. ಈ ಸಲದ ಜಿಲ್ಲೆಯ ಗೆರೆಗೆ ಮಾಳಿಗೆಯ ಮೇಲಿನ ಯಾವ ಡಿಶ್ಶನ್ನೂ ತಿರುಗಿಸಬೇಕಾಗಲಿಲ್ಲ.