ಕೊಲುಮೆಲ್ಲನ ಕೋಳಿಮನೆ

ಕ್ರಿಸ್ತಶಕ 1ನೆಯ ಶತಮಾನದ ರೋಮನ್ ಕೃಷಿಲೇಖಕ ಕೊಲುಮೆಲ್ಲನು ತನ್ನ ಗ್ರಂಥದ 8ನೆಯ ಭಾಗದಲ್ಲಿ ಕೋಳಿಮನೆಯನ್ನು ಒಂದಕ್ಕೊಂದು ತಾಗಿದ ಮೂರು ಕೋಣೆಗಳಾಗಿ ಕಲ್ಪಿಸಿ, ನಡುವಣ ಕಿರುಕೋಣೆಯ ಒಲೆಯ ಹೊಗೆ ಎರಡೂ ಪಕ್ಕಗಳಿಗೆ ಹರಿಯಬೇಕೆಂದನು. ಹೊಗೆ ಕೋಳಿಗಳಿಗೆ ಹಿತವೆಂಬುದು ಅವನ ನಂಬಿಕೆ. ಅಡ್ಡೆಗಳನ್ನು, ಎಂದರೆ ಇರುಳಿನಲ್ಲಿ ಕೋಳಿಗಳು ಏರಿ ಕೂರುವ ಅಡ್ಡಗೋಲುಗಳನ್ನು, ದುಂಡಗೆ ಬಿಟ್ಟರೆ ಕಾಲು ಜಾರುವುದೆಂದು ಚೌಕವಾಗಿ ಕೆತ್ತಿಸಿ, ಎದುರುಬದಿರು ಗೋಡೆಗಳ ತೂತುಗಳಲ್ಲಿ ಸೇರಿಸಿ, ಅಟ್ಟದ ಹಲಗೆಯಿಂದ 1 ಅಡಿ ಮೇಲೆ, ತಮ್ಮತಮ್ಮಲ್ಲಿ 2 ಅಡಿ ಅಂತರದಲ್ಲಿ ಇರಿಸಬೇಕೆಂಬ ಅವನ ಸೂಚನೆ ಬಡಗಿಯ ಕೈಗೆ ನೇರವಾಗಿ ಕೊಡುವಷ್ಟು ಖಚಿತವಾಗಿದೆ. ಮೊಟ್ಟೆಗೂಡುಗಳ ಮುಂದೆ ಮೆಟ್ಟುಜಾಗ ಬೇಕೆಂದದ್ದು, ಹಾರಿಬಂದ ಹೇಂಟೆ ಮೊಟ್ಟೆಗಳ ಮೇಲೆಯೇ ಎರಗಿ ಒಡೆಯದಿರಲೆಂದು. ಅವನಿಗೆ ಮುಂಚೆ, ಕ್ರಿಸ್ತಪೂರ್ವ 37ರ ಸುಮಾರಿಗೆ, ಮತ್ತೊಬ್ಬ ರೋಮನ್ ಲೇಖಕ ವಾರ್ರೊ 200 ಕೋಳಿಗಳಿಗೆ ಪೂರ್ವಾಭಿಮುಖವಾದ, ತಲಾ 10 ಅಡಿ ಉದ್ದದ ಎರಡೇ ಕೋಣೆಗಳನ್ನು ಸೂಚಿಸಿದ್ದನು.