ಗೊರವಯ್ಯನ ಬಿಲ್ಲು, ಸ್ಪಾಕನ ಕಿವಿ

ರಾಣೇಬೆನ್ನೂರು ತಾಲೂಕಿನಲ್ಲಿ ದೇವರಗುಡ್ಡ ಅಂತ ಒಂದು ಊರಿದೆ. ಗುಡ್ಡದ ಮೇಲಿರುವವನು ಮಾಲತೇಶ, ಅಂದರೆ ನಮ್ಮ ಮೈಲಾರಲಿಂಗ. ಪ್ರತಿವರ್ಷ ದಸರಾ ಹೊತ್ತಿಗೆ ಅಲ್ಲಿ ಕಾರ್ಣಿಕ ಆಗುತ್ತದೆ. ಉಪವಾಸ ಇದ್ದ ಗೊರವಯ್ಯ ಎತ್ತರದ ಬಿಲ್ಲು ಏರುತ್ತಾರೆ. ‘ಸದ್ದಲೇ’ ಅಂತ ಒಂದು ಕೂಗು. ಅಷ್ಟೊತ್ತು ‘ಏಳುಕೋಟಿ’ ಅಂತ ಮುಗಿಲು ಹರಿಯುವಂತೆ ಕೂಗುತ್ತಿದ್ದ ಸಾವಿರಾರು ಜನ ಗಪ್ಪಾಗುತ್ತಾರೆ. ಆಮೇಲೆ ಒಂದೇ ಒಂದು ಮಾತು. ನಾಲ್ಕೈದು ಪದ ಇದ್ದರೆ ಹೆಚ್ಚು. ಹೇಳಿದ ಕೂಡಲೇ ಗೊರವಯ್ಯ ಮೇಲಿನಿಂದ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಮುಗೀತು.

ಮುಗೀತು ಅಂದೆ, ಆದರೆ ಅಸಲು ಕೆಲಸ ಶುರುವಾಗುವುದೇ ಅಲ್ಲಿಂದ. ಆ ಮಾತಿಗೆ ಅರ್ಥ ಏನು? ಮಳೆ ಆಗುತ್ತದೋ ಇಲ್ಲವೋ? ಸರ್ಕಾರ ಉಳಿಯುತ್ತದೋ ಬೀಳುತ್ತದೋ? ಊರಿಗೆ ವಾಪಸ್ ಬರುವ ಟ್ರ್ಯಾಕ್ಟರಿನಲ್ಲಿ, ಚಹಾದಂಗಡಿಯಲ್ಲಿ, ಕಟ್ಟೆಯ ಮೇಲೆ ವಾರಗಟ್ಟಲೆ ಅದೇ ಚರ್ಚೆ. ತುಂಗಭದ್ರೆಯ ಆಚೆ ದಂಡೆಗೆ, ಹೂವಿನಹಡಗಲಿ ತಾಲೂಕಿನ ಮೈಲಾರದಲ್ಲೂ ಭರತ ಹುಣ್ಣಿಮೆ ಹೊತ್ತಿಗೆ ಹೀಗೇ.

ಇದಕ್ಕೂ ಸ್ಪಾಕನ ಚೂಪು ಕಿವಿಗೂ ಏನು ಸಂಬಂಧ ಅಂತ ಕೇಳುತ್ತೀರಿ. ಹೇಳುತ್ತೇನೆ, ಸ್ವಲ್ಪ ಸುತ್ತಿ ಬರಬೇಕು.

‘ಸ್ಟಾರ್ ಟ್ರೆಕ್’ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಶುರುವಾದದ್ದು 1966ರ ಸೆಪ್ಟೆಂಬರ್ 8ರಂದು. 79 ಕಂತು ಆಗಿ 1969ರಲ್ಲಿ ನಿಂತಿತು. ನಿಂತ ಮೇಲೆ ಮರುಪ್ರಸಾರದಲ್ಲಿ ಅದರ ಹುಚ್ಚು ಹೆಚ್ಚಾಯಿತು. 1977ರಲ್ಲಿ ವಿಲಿಯಂ ಬ್ಲೇಕ್ ಟೈರೆಲ್ ಎಂಬವರು ಒಂದು ಪ್ರಬಂಧ ಬರೆದು, ಇದು ಬರೀ ಧಾರಾವಾಹಿ ಅಲ್ಲ, ಪುರಾಣ. ಟಿವಿ ಪುರಾಣ ಕಟ್ಟುವ ಯಂತ್ರ ಅಂತ ವಾದಿಸಿದರು. ಟೈರೆಲ್ ಟಿವಿ ವಿಮರ್ಶಕರಲ್ಲ, ಹಳೆಯ ಗ್ರೀಕ್ ಓದಿಸುವ ಮೇಷ್ಟ್ರು. ಪಶ್ಚಿಮದ ಕಡೆ ಗಾಡಿ ಹೊಡೆದುಕೊಂಡು ಹೋದ ವಲಸಿಗರ ಕಥೆ ಅಮೆರಿಕನ್ನರಿಗೆ ಪುರಾಣದ ಹಾಗೆ ಇತ್ತು. ಹೋಗಲು ನೆಲ ಮುಗಿದ ಮೇಲೆ ಅದೇ ಕಥೆಯನ್ನು ಎತ್ತಿ ನಕ್ಷತ್ರಗಳ ನಡುವೆ, ಭವಿಷ್ಯದಲ್ಲಿ ಇಟ್ಟರು, ಅದಕ್ಕೇ ಜನ ಹಚ್ಚಿಕೊಂಡರು ಎನ್ನುವುದು ಅವರ ವಾದದ ಸಾರ.

ಅದೇ ವರ್ಷ ರಾಬರ್ಟ್ ಜ್ಯೂವೆಟ್ ಮತ್ತು ಜಾನ್ ಶೆಲ್ಟನ್ ಲಾರೆನ್ಸ್ ‘ದಿ ಅಮೆರಿಕನ್ ಮಾನೋಮಿಥ್’ ಪುಸ್ತಕ ತಂದರು. ಇವರಿಗೆ ಟೈರೆಲ್‌ಗಿದ್ದ ಸಂಭ್ರಮ ಇಲ್ಲ, ಆತಂಕ ಇದೆ. ಒಂದು ಒಳ್ಳೆಯ ಊರು, ಅದಕ್ಕೆ ಕೇಡು ಬರುತ್ತದೆ, ಊರಿನ ಪೊಲೀಸು ಪಂಚಾಯ್ತಿ ಯಾವುದೂ ಕೆಲಸಕ್ಕೆ ಬರುವುದಿಲ್ಲ, ಎಲ್ಲಿಂದಲೋ ಒಬ್ಬ ಮಹಾಪುರುಷ ಬಂದು ಕಾಪಾಡಿ ಮಾಯವಾಗುತ್ತಾನೆ. ಪ್ರಜಾಪ್ರಭುತ್ವದ ದೇಶ ಇದೇ ಕಥೆಯನ್ನು ಮತ್ತೆ ಮತ್ತೆ ನೋಡುತ್ತಿದ್ದರೆ ಏನಾದೀತು ಅನ್ನುವುದು ಅವರ ಪ್ರಶ್ನೆ. ನನಗಂತೂ ಈ ಪ್ರಶ್ನೆ ಟೈರೆಲ್ ವಾದಕ್ಕಿಂತ ತೂಕದ್ದು ಅನ್ನಿಸುತ್ತದೆ.

ಅಮೆರಿಕದಲ್ಲಿ ಪುರಾಣ ಅಂದರೆ ಕಳೆದುಹೋದ ವಸ್ತು. ಅದು ಟಿವಿಯಲ್ಲಿ ಸಿಕ್ಕಿತು ಅಂತ ವಿದ್ವಾಂಸರಿಗೆ ಅಚ್ಚರಿ. ನಮ್ಮಲ್ಲಿ ಕಳೆದೇ ಇರಲಿಲ್ಲವಲ್ಲ! ದೂರದರ್ಶನದಲ್ಲಿ ಎಂಬತ್ತರ ದಶಕದಲ್ಲಿ ಸ್ಟಾರ್ ಟ್ರೆಕ್ ಕೂಡ ಬಂದಿತ್ತು, ನಮ್ಮದೇ ‘ಸ್ಪೇಸ್ ಸಿಟಿ ಸಿಗ್ಮಾ’ ಬಂತು, 1998ರಲ್ಲಿ ‘ಕ್ಯಾಪ್ಟನ್ ವ್ಯೋಮ್’ ಬಂತು. ಆದರೆ ಓಣಿಗೆ ಓಣಿಯೇ ಖಾಲಿಯಾಗಿದ್ದು 1987ರ ಜನವರಿ 25ರಂದು ಶುರುವಾದ ರಾಮಾನಂದ ಸಾಗರರ ರಾಮಾಯಣಕ್ಕೆ, ಅದರ ಬೆನ್ನಿಗೆ 1988ರ ಅಕ್ಟೋಬರ್ 2ರಿಂದ ಬಂದ ಬಿ.ಆರ್. ಛೋಪ್ರಾ ಅವರ ಮಹಾಭಾರತಕ್ಕೆ. ಜನ ಸ್ನಾನ ಮಾಡಿ ಟಿವಿಗೆ ಹೂವು ಏರಿಸಿ ಕೂರುತ್ತಿದ್ದ ಬಗ್ಗೆ ಫಿಲಿಪ್ ಲಟ್ಗೆಂಡಾರ್ಫ್ 1990ರಲ್ಲೇ ದೊಡ್ಡ ಪ್ರಬಂಧ ಬರೆದರು.

ಆ ಮಹಾಭಾರತದಲ್ಲಿ ಕಥೆ ಹೇಳುವವನು ಯಾರು ನೆನಪಿದೆಯಾ? ವ್ಯಾಸರಲ್ಲ, ಸೂತಪುರಾಣಿಕನಲ್ಲ, ಕಾಲ! ತಿರುಗುವ ಚಕ್ರದ ಹಿಂದಿನಿಂದ ‘ಸಮಯ’ ಮಾತಾಡುತ್ತದೆ. ಬಾಣಗಳು ಆಕಾಶದ ನಡುವೆ ಢಿಕ್ಕಿ ಹೊಡೆದು ಕಿಡಿ ಹಾರುತ್ತವೆ. ವೈಜ್ಞಾನಿಕ ಕಥೆ ಇದಕ್ಕಿಂತ ಬೇರೆ ಏನು ಮಾಡುತ್ತದೆ? ಅದರಲ್ಲಿ ಭೀಷ್ಮನಾಗಿದ್ದ ಮುಕೇಶ್ ಖನ್ನಾ 1997ರಲ್ಲಿ ಶಕ್ತಿಮಾನ್ ಆಗಿ ಗಿರಗಿರನೆ ತಿರುಗತೊಡಗಿದರು. ಯೋಗ, ಪಂಚಭೂತ, ತಲೆಕೆಟ್ಟ ವಿಜ್ಞಾನಿ, ಎಲ್ಲ ಒಂದೇ ಪಾತ್ರೆಯಲ್ಲಿ. ಪುರಾಣ ಎಲ್ಲಿ ಮುಗಿಯಿತು, ವೈಜ್ಞಾನಿಕ ಕಥೆ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯಲು ಬರುವುದಿಲ್ಲ.

ಇನ್ನೂ ಒಂದು ಮಜಾ ಇದೆ. ಭೂಮಿಯ ಜೊತೆಗೇ ತಿರುಗುವ ಉಪಗ್ರಹಗಳಿಂದ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದು ಅಂತ 1945ರಲ್ಲಿ ಬರೆದವರು ಆರ್ಥರ್ ಸಿ. ಕ್ಲಾರ್ಕ್, ವೈಜ್ಞಾನಿಕ ಕಥೆಗಾರರು. ಅದು ನಿಜವಾಗಿ ನಮ್ಮ ಹಳ್ಳಿಗೆ ಇಳಿದದ್ದು 1975ರ ಆಗಸ್ಟ್‌ನಲ್ಲಿ, ‘ಸೈಟ್’ ಪ್ರಯೋಗದಲ್ಲಿ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಟಿವಿ ಇಟ್ಟರು. ಕರ್ನಾಟಕದಲ್ಲಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ. ಆಗ ಧಾರವಾಡ ಜಿಲ್ಲೆಯಲ್ಲಿದ್ದ ನಮ್ಮ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳಿಗೆ ಇಲ್ಲ (ಯಾವಾಗಲೂ ಇದೇ ಹಣೆಬರಹ). ಕೊಲಂಬೊದ ಕ್ಲಾರ್ಕ್ ಮನೆಗೂ ಇಸ್ರೋದವರು ಹೋಗಿ ಒಂದು ಆಂಟೆನಾ ಕೂರಿಸಿ ಬಂದಿದ್ದರು. ಕಥೆ ಬರೆದವರ ಮನೆಗೆ ಕಥೆಯೇ ನಡೆದುಕೊಂಡು ಬಂದ ಹಾಗೆ.

ಇರಲಿ. ಪುರಾಣ ಅಂದರೆ ಭಕ್ತಿ ಮಾತ್ರ ಅನ್ನುವವರಿಗೆ ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಕಡೆ ಬೆರಳು ತೋರಿಸಬೇಕು. ಕನಕದಾಸರ ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಮೇಲು ಅಂತ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ, ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಜಾತಿಯ ಮಾತನ್ನು ಕಾಳುಗಳ ಬಾಯಲ್ಲಿ ಆಡಿಸಿದ ಜಾಣ್ಮೆ ಅದು. 1969ರ ಜನವರಿಯ ಒಂದು ಸ್ಟಾರ್ ಟ್ರೆಕ್ ಕಂತಿನಲ್ಲಿ ಕೆರಾನ್ ಎಂಬ ಗ್ರಹದ ಇಬ್ಬರು ಬರುತ್ತಾರೆ. ಇಬ್ಬರ ಮುಖವೂ ಅರ್ಧ ಕಪ್ಪು ಅರ್ಧ ಬಿಳುಪು. ಒಬ್ಬನಿಗೆ ಬಲಗಡೆ ಕಪ್ಪು, ಇನ್ನೊಬ್ಬನಿಗೆ ಎಡಗಡೆ ಕಪ್ಪು, ಅಷ್ಟಕ್ಕೇ ಜನ್ಮದ್ವೇಷ. ಊರಿನ ಮಾತನ್ನು ನೇರ ಆಡಲಾಗದಿದ್ದಾಗ ದೂರದ ಗ್ರಹಕ್ಕೋ ರಾಮನ ಸಭೆಗೋ ಒಯ್ದು ಆಡುವುದು. ನಾನ್ನೂರು ವರ್ಷದ ಅಂತರ, ಉಪಾಯ ಒಂದೇ.

ಕಥೆಯನ್ನು ಕಥೆಯಾಗಿ ಇರಲು ಬಿಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೂ ಕರ್ನಾಟಕದಲ್ಲೇ ಉದಾಹರಣೆ ಇದೆ. ಪುರಾಣಕಾಲದ ವಿಮಾನ ಕಟ್ಟುವ ವಿಧಾನ ಅಂತ ಹೆಸರಾದ ‘ವೈಮಾನಿಕ ಶಾಸ್ತ್ರ’ವನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಪರೀಕ್ಷೆ ಮಾಡಿದರು. ಅದು ಇಪ್ಪತ್ತನೇ ಶತಮಾನದಲ್ಲಿ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ್ದು, ಅದರಲ್ಲಿರುವ ವಿಮಾನಗಳು ಹಾರುವುದಿಲ್ಲ ಅಂತ ತೀರ್ಮಾನ. ಪಾಪ, ಅದನ್ನು ಕನ್ನಡ ನಾಡಿನ ಒಂದು ವಿಚಿತ್ರ ವೈಜ್ಞಾನಿಕ ಕಲ್ಪನೆ ಅಂತ ಓದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಯಂತ್ರ ಅಂತ ಹಟ ಹಿಡಿದಿದ್ದಕ್ಕೆ ಫೇಲಾಯಿತು.

ಈಗ ಬಿಲ್ಲಿನ ಹತ್ತಿರ ವಾಪಸ್ ಬರೋಣ. ಟೈರೆಲ್ ಮುಂತಾದವರು ಕಥೆಯಲ್ಲಿ ಪುರಾಣ ಹುಡುಕಿದರು. ಕಾರ್ಣಿಕ ನೋಡಿದವರಿಗೆ ಗೊತ್ತು, ಪುರಾಣ ಇರುವುದು ಅರ್ಧಕ್ಕೆ ಬಿಟ್ಟ ಮಾತನ್ನು ಜನ ಪೂರ್ತಿ ಮಾಡುವುದರಲ್ಲಿ. ಗೊರವಯ್ಯ ಭವಿಷ್ಯ ಹೇಳುತ್ತಾರೆ, ಅರ್ಥ ಹೇಳುವುದಿಲ್ಲ. ಸ್ಟಾರ್ ಟ್ರೆಕ್ ಉಳಿದದ್ದೂ ಹಾಗೆಯೇ. 1967ರಲ್ಲೇ ಅಭಿಮಾನಿಗಳು ‘ಸ್ಪಾಕನೇಲಿಯಾ’ ಅಂತ ಸ್ವಂತ ಪತ್ರಿಕೆ ಮಾಡಿ, ಸ್ಪಾಕನ ಬಗ್ಗೆ ಧಾರಾವಾಹಿ ಹೇಳದೇ ಬಿಟ್ಟದ್ದನ್ನು ತಾವೇ ಬರೆದುಕೊಂಡರು. ಶಕ್ತಿಮಾನ್ ನೋಡಿದ ಮಕ್ಕಳು ಅಪಾಯದ ಆಟಕ್ಕೆ ಇಳಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಅದೂ ಒಂದು ರೀತಿ ಪೂರ್ತಿ ಮಾಡುವುದೇ, ಆದರೆ ಜೊತೆಗೆ ಕಟ್ಟೆಯ ಮೇಲಿನ ಹಿರಿಯರು ಇರಲಿಲ್ಲ.

ಈಗ ಕಾರ್ಣಿಕವೂ ಸುದ್ದಿವಾಹಿನಿಗಳಲ್ಲಿ ಬರುತ್ತದೆ. ಗೊರವಯ್ಯ ಕೆಳಗೆ ಬೀಳುವಷ್ಟರಲ್ಲಿ ಪರದೆಯ ಮೇಲೆ ಅರ್ಥವೂ ಸಿದ್ಧ. ಯಾವ ಪಕ್ಷ, ಯಾವ ನಾಯಕ ಎಲ್ಲ ಇತ್ಯರ್ಥ. ಟ್ರ್ಯಾಕ್ಟರಿನಲ್ಲಿ ಮಾತಾಡಲು ಏನು ಉಳಿಯಿತು? ಟಿವಿಗೆ ಪುರಾಣ ಕಟ್ಟುವ ಶಕ್ತಿ ಇದೆ ಅಂತ ಟೈರೆಲ್ ಹೇಳಿದ್ದು ನಿಜ ಇರಬಹುದು, ಇರುವ ಪುರಾಣದ ಬಾಯಿ ಮುಚ್ಚಿಸುವುದೂ ಅದಕ್ಕೆ ಗೊತ್ತು.

ಮೈಲಾರನ ಬಗ್ಗೆ ಜರ್ಮನಿಯ ಸೊಂಥೈಮರ್ ವರ್ಷಗಟ್ಟಲೆ ತಿರುಗಿ ಬರೆದರು. ಈಗ ನಮ್ಮ ಜಿಲ್ಲೆಯ ಗೊಟಗೋಡಿಯಲ್ಲೇ 2011ರಿಂದ ಜಾನಪದ ವಿಶ್ವವಿದ್ಯಾಲಯ ಇದೆ. ಗೊರವರ ಕುಣಿತವನ್ನು ಜಾನಪದ ಅಂತ ದಾಖಲಿಸುತ್ತೇವೆ, ಸರಿ. 1988ರ ಭಾನುವಾರ ಬ್ಯಾಡಗಿಯ ಒಂದು ಮನೆಯಲ್ಲಿ ನಲವತ್ತು ಜನ ಒತ್ತೊತ್ತಾಗಿ ಕೂತು, ಹಿಂದಿ ಬಾರದಿದ್ದರೂ ದೊಡ್ಡಾಟದಲ್ಲಿ ಕಂಡ ದುರ್ಯೋಧನನನ್ನು ಟಿವಿಯ ದುರ್ಯೋಧನನ ಪಕ್ಕ ಇಟ್ಟು ತೂಗಿದ್ದು ಜಾನಪದ ಅಲ್ಲವೇ? ಅವತ್ತು ಮೂವತ್ತು ದಾಟಿದ್ದವರಿಗೆ ಈಗ ಎಪ್ಪತ್ತರ ಆಸುಪಾಸು. ಕೇಳುವುದಿದ್ದರೆ ಈಗಲೇ ಕೇಳಬೇಕು.

ಹಾಗಾಗಿ ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಮಾತಿಗೆ ಎಳೆಯಿರಿ. ಓಣಿಯಲ್ಲಿ ಮೊದಲು ಟಿವಿ ಬಂದದ್ದು ಯಾರ ಮನೆಗೆ, ಹಿಂದಿಯನ್ನು ಕನ್ನಡ ಮಾಡಿ ಹೇಳುತ್ತಿದ್ದವರು ಯಾರು, ಅವರು ಹೇಳಿದ್ದು ತೆರೆಯ ಮೇಲಿದ್ದದ್ದನ್ನೋ ಅಥವಾ ತಮಗೆ ಗೊತ್ತಿದ್ದ ಕಥೆಯನ್ನೋ? ಸಿಕ್ಕಿದ್ದನ್ನು ನಿಮ್ಮ ಬ್ಲಾಗಿನಲ್ಲೇ ಬರೆಯಿರಿ, ನಾನು ಬಂದು ಓದುತ್ತೇನೆ. ಕಂಬದ ಮೇಲಿನ ಆಂಟೆನಾ ತಿರುಗಿಸಲು ಮಾಳಿಗೆ ಹತ್ತುತ್ತಿದ್ದ ಹುಡುಗ ನೀವೇ ಆಗಿದ್ದರಂತೂ ಇನ್ನೂ ಒಳ್ಳೆಯದು :)